ವೀಸಾ ಬೇರೆ, ಮನೆ ಬೇರೆ: ಕುಮಟಾದಿಂದ ಕೊವಿಲ್ಯಾಗೆ ಬಂದ ಲೆಕ್ಕ

2022ರ ಕೊನೆಗೆ ನಾನು ಪೋರ್ಚುಗಲ್ ಅಂದಾಗ ನಕ್ಕವರೇ ಹೆಚ್ಚು. "ಪಗಾರದ ಕೆಲಸ ಇಲ್ಲ, ಕಂಪನಿ ಲೆಟರ್ ಇಲ್ಲ, ನಿಂಗೆ ಯಾರು ವೀಸಾ ಕೊಡ್ತಾರೋ ಮಾರಾಯ" ಎಂದು ಭಾವ ಊಟದ ಎಲೆಯ ಮುಂದೆಯೇ ತೀರ್ಪು ಕೊಟ್ಟಿದ್ದ. ಬೆಂಗಳೂರಿನ ಏಜೆಂಟನದು ಇನ್ನೊಂದು ರಾಗ: ಮನೆ ಕೊಳ್ಳಿ, ವೀಸಾ ತಾನಾಗಿಯೇ ಬರುತ್ತದೆ. ಇಬ್ಬರ ಮಾತೂ ತಪ್ಪಾಯಿತು. ಈಗ ಸ್ವಂತ ಮನೆಯ ಅಡುಗೆಕೋಣೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ, ಆದ್ದರಿಂದ ಸ್ವಲ್ಪ ಜಂಬ ಕೊಚ್ಚಿಕೊಂಡರೆ ಸಹಿಸಿಕೊಳ್ಳಿ.

ನನ್ನ ಕೆಲಸ ಸ್ಟೀಲ್ ಡಿಟೇಲಿಂಗ್. ಟೆಕ್ಲಾ ಎಂಬ ಸಾಫ್ಟ್‌ವೇರಿನಲ್ಲಿ ಗೋದಾಮು, ಮೆಟ್ಟಿಲು, ಪೈಪ್‌ರ‍್ಯಾಕ್‌ಗಳ ಡ್ರಾಯಿಂಗ್ ತೆಗೆದು ಕಳಿಸುವುದು. ಕ್ಲೈಂಟುಗಳು ಹೊರದೇಶದವರು, ಎಲ್ಲ ಪ್ರಾಜೆಕ್ಟ್ ಲೆಕ್ಕ. ನನ್ನ ಹಾಗೆ ಇನ್‌ವಾಯ್ಸ್ ಮೇಲೆ ಬದುಕುವವರಿಗೆ ಹೊರದೇಶದ ದುಡ್ಡಿಗೆ, ಜಿಎಸ್‌ಟಿಗೆ ಬೇಕಾದ ಎಫ್‌ಐಆರ್‌ಸಿ, ಎಲ್‌ಯುಟಿ ಕಾಗದ ಎಲ್ಲ ಗೊತ್ತಿರುತ್ತದೆ, ಅದನ್ನು ವಿವರಿಸುವುದಿಲ್ಲ.

ಮೊದಲು ಕಳೆದುಕೊಂಡ ದುಡ್ಡಿನ ಕಥೆ. ಆಗ ದುಡ್ಡು ಹೂಡಿದವರಿಗೆ ಕೊಡುವ ಗೋಲ್ಡನ್ ವೀಸಾದಲ್ಲಿ ಒಳನಾಡಿನ ಹಳೇ ಕಟ್ಟಡ ಕೊಂಡು ದುರಸ್ತಿ ಮಾಡಿಸಿದರೆ 2,80,000 ಯೂರೋ ಸಾಕು ಎನ್ನುವ ದಾರಿ ಇತ್ತು. ಆಗಿನ ದರಕ್ಕೆ ಎರಡೂವರೆ ಕೋಟಿ ಹತ್ತಿರ. ನನ್ನ ಹತ್ತಿರ ಅಷ್ಟು ಎಲ್ಲಿತ್ತು? ಕೆಂಗೇರಿ ಕಡೆಯ ಸೈಟು, ಹುಬ್ಬಳ್ಳಿಯ ಫ್ಲ್ಯಾಟು, ಹೆಂಡತಿಯ ಎಫ್‌ಡಿ, ಕಡೆಗೆ ಅಪ್ಪಯ್ಯನ ತೋಟದ ಮೇಲೆ ಸಾಲ ಎಂದು ಕಾಗದದ ಮೇಲೆ ಕೂಡಿಸಿಟ್ಟಿದ್ದೆ. ಪೂರ್ತಿ ಜಮಾ ಆಗುವ ಮೊದಲೇ ಕಟ್ಟಡ ಹಿಡಿದಿಡಲು 5,000 ಯೂರೋ ಕಟ್ಟಿಸಿಕೊಂಡರು. 2023ರ ಫೆಬ್ರವರಿ 16ರಂದು ಅಲ್ಲಿನ ಸರ್ಕಾರ ಗೋಲ್ಡನ್ ವೀಸಾ ನಿಲ್ಲಿಸುತ್ತೇವೆ ಎಂದು ಘೋಷಿಸಿತು. ಆ ಅಕ್ಟೋಬರಿನಲ್ಲಿ ಕಾನೂನು ಜಾರಿಯಾಗಿ ಆಸ್ತಿಯ ದಾರಿ ಪೂರ್ತಿ ಮುಚ್ಚಿತು. ನನಗೆ ವಾಪಸ್ ಬಂದದ್ದು 2,000 ಚಿಲ್ಲರೆ. ಉಳಿದದ್ದು "ಪ್ರಕ್ರಿಯೆ ವೆಚ್ಚ". ಆ ರಾತ್ರಿ ಆಯಿ ಏನೂ ಕೇಳಲಿಲ್ಲ, ಮಜ್ಜಿಗೆ ಲೋಟ ತಂದಿಟ್ಟು ಹೋದಳು. ಕೇಳಿದ್ದರೇ ವಾಸಿ ಇತ್ತು.

ಒಂದು ವಿಷಯ ತಲೆಗೆ ಹೋದದ್ದು ಆಮೇಲೆ. ಮನೆಗೂ ವೀಸಾಕ್ಕೂ ಗಂಟು ಹಾಕಿದವನು ಎರಡರಲ್ಲೂ ಮೋಸ ಹೋಗುತ್ತಾನೆ. ಅವಸರದಲ್ಲಿ ಮನೆ ನೋಡುತ್ತಾನೆ, ದುಬಾರಿ ಕೊಳ್ಳುತ್ತಾನೆ, ನಿಯಮ ಬದಲಾದರೆ ಎರಡೂ ಹೋಗುತ್ತವೆ. ಹಾಗಾಗಿ ಬಿಡಿಸಿದೆ. ಮೊದಲು ಸಂಪಾದನೆ ತೋರಿಸಿ ಡಿ8 ವೀಸಾ (ಹೊರದೇಶದವರಿಗೆ ಕೂತಲ್ಲಿಂದಲೇ ಕೆಲಸ ಮಾಡುವವರದ್ದು), ಒಂದು ವರ್ಷ ಬಾಡಿಗೆ, ಆಮೇಲೆ ಅಲ್ಲಿನ ನಿವಾಸಿಯಾಗಿ ಮನೆ.

ಡಿ8 ಶುರುವಾದದ್ದು 2022ರ ಅಕ್ಟೋಬರ್ ಕೊನೆಗೆ. ಅಲ್ಲಿನ ಕನಿಷ್ಠ ವೇತನದ ನಾಲ್ಕು ಪಟ್ಟು ಆದಾಯ ಇರಬೇಕು. 2023ರಲ್ಲಿ ಅದು ತಿಂಗಳಿಗೆ 3,040 ಯೂರೋ. ಕನಿಷ್ಠ ವೇತನ ವರ್ಷವರ್ಷ ಏರುತ್ತದೆ, ಜೊತೆಗೆ ಈ ಮಿತಿಯೂ, 2025ಕ್ಕೆ ಮಿತಿ 3,480 ಆಗಿತ್ತು, ನೀವು ಹೊರಡುವಾಗ ಆ ವರ್ಷದ್ದನ್ನು ನೋಡಿಕೊಳ್ಳಿ. ಕೊನೆಯ ಮೂರು ತಿಂಗಳ ಸರಾಸರಿ ಕೇಳುತ್ತಾರೆ.

ನನ್ನ ಮೊದಲ ಅರ್ಜಿ ಬಿದ್ದದ್ದು ಇಲ್ಲಿಯೇ. ಜನವರಿಯಲ್ಲಿ 5,400, ಫೆಬ್ರವರಿಯಲ್ಲಿ 1,150, ಮಾರ್ಚಿನಲ್ಲಿ 2,700. ಕೂಡಿಸಿ ಮೂರರಿಂದ ಭಾಗಿಸಿದರೆ 3,083. ಗೆದ್ದೆ ಅಂದುಕೊಂಡೆ. ಆದರೆ ಇವು ಇನ್‌ವಾಯ್ಸಿನ ಅಂಕಿ. ಪೇಮೆಂಟ್ ಪ್ಲಾಟ್‌ಫಾರ್ಮಿನ ಕಮಿಷನ್ ಕಳೆದು, ಬ್ಯಾಂಕಿನ ದರಕ್ಕೆ ರೂಪಾಯಿಯಾಗಿ ಖಾತೆಗೆ ಬಿದ್ದದ್ದನ್ನು ಮತ್ತೆ ಯೂರೋಗೆ ತಿರುಗಿಸಿದರೆ 2,990 ಆಸುಪಾಸು. ವೀಸಾ ಕಚೇರಿಯವರು ನೋಡುವುದು ಪಾಸ್‌ಬುಕ್ ಮಾತ್ರ. ಐವತ್ತು ಯೂರೋಗಾಗಿ ಅರ್ಜಿ ಶುಲ್ಕ, ಹೊರದೇಶಕ್ಕೆ ಸಲ್ಲುವ ಅಪೊಸ್ಟಿಲ್ ಮುದ್ರೆ ಹಾಕಿಸಿದ ಪೊಲೀಸ್ ಸರ್ಟಿಫಿಕೇಟು, ದೆಹಲಿ ಕೊರಿಯರು, ವಿಮೆ ಎಲ್ಲ ನೀರಿಗೆ. ಸುಮಾರು 40,000 ರೂಪಾಯಿ. ಸಾಲದ್ದಕ್ಕೆ ಸ್ಟೇಟ್‌ಮೆಂಟಿನಲ್ಲಿ ಕ್ಲೈಂಟಿನ ಹೆಸರೇ ಇರಲಿಲ್ಲ, ಬರೀ 'ಇನ್‌ವರ್ಡ್ ರೆಮಿಟೆನ್ಸ್' ಅಂತ ಒಂದು ಸಾಲು. ಇವನು ಯಾರಿಗೆ ಕೆಲಸ ಮಾಡುತ್ತಾನೆ ಎಂದು ಅವರಿಗಾದರೂ ಹೇಗೆ ಗೊತ್ತಾಗಬೇಕು?

ಎರಡನೇ ಸಲಕ್ಕೆ ಕೆಲಸದ ಸ್ವರೂಪವನ್ನೇ ಬದಲಿಸಿದೆ. ಇಬ್ಬರು ಹಳೇ ಕ್ಲೈಂಟುಗಳಿಗೆ ಪ್ರಾಜೆಕ್ಟ್ ಲೆಕ್ಕ ಬಿಡಿಸಿ, 12 ತಿಂಗಳ ಕರಾರಿನ, ತಿಂಗಳಿಗೆ ಇಂತಿಷ್ಟು ಎನ್ನುವ ರಿಟೇನರ್ ಒಪ್ಪಿಸಿದೆ. ಅದಕ್ಕೆ ದರದಲ್ಲಿ ನೂರಕ್ಕೆ ಹನ್ನೆರಡು ಕಡಿಮೆ ಮಾಡಿದೆ. ಹೊಟ್ಟೆ ಉರಿಯಿತು, ಆದರೆ ತಿಂಗಳ ಐದನೇ ತಾರೀಕು ತಪ್ಪದೆ ದುಡ್ಡು ಬಿತ್ತು. ಮೂರು ತಿಂಗಳ ಸರಾಸರಿ 3,900. ಪ್ರತಿ ಜಮೆಗೂ ಬ್ಯಾಂಕಿನ ರೆಮಿಟೆನ್ಸ್ ಅಡ್ವೈಸ್, ಅದರ ಹಿಂದೆ ಇನ್‌ವಾಯ್ಸ್, ಅದರ ಹಿಂದೆ ಕರಾರು, ಒಂದಕ್ಕೊಂದು ಪಿನ್ ಹೊಡೆದು ಜೋಡಿಸಿದೆ. ಸಿಎ ಪತ್ರ, ಮೂರು ವರ್ಷದ ಐಟಿಆರ್ ಬೇರೆ. ಕವರಿಂಗ್ ಲೆಟರಿನ ಎರಡನೇ ಪ್ಯಾರಾದಲ್ಲಿ ಏನು ಬರೆದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದಕ್ಕೆ ಎರಡು ವಾರ ಕೂತಿದ್ದೇನೆ, ಅದು ನನ್ನ ಹತ್ತಿರವೇ ಇರಲಿ. ಜುಲೈ ಕೊನೆಗೆ ಅರ್ಜಿ, ಅಕ್ಟೋಬರಿನಲ್ಲಿ ಸ್ಟಾಂಪು. ಏಜೆಂಟ್ ನಾಲ್ಕೂವರೆ ಲಕ್ಷ ಕೇಳಿದ್ದ ಕೆಲಸ ಎರಡು ಅರ್ಜಿ ಸೇರಿಸಿಯೂ ಒಂದೂಕಾಲು ಲಕ್ಷ ದಾಟಲಿಲ್ಲ.

ಇನ್ನು ಬಾಡಿಗೆ ಕರಾರು. ಲಿಸ್ಬನ್ನಿನಲ್ಲಿ ಒಂದು ಕೋಣೆಯ ಬಾಡಿಗೆಗೆ ಕೊವಿಲ್ಯಾದಲ್ಲಿ ಇಡೀ ಮನೆ ಸಿಕ್ಕಿತು, 380 ಯೂರೋಗೆ. ಕೊವಿಲ್ಯಾ ಉಣ್ಣೆ ಗಿರಣಿಗಳ ಹಳೇ ಊರು, ಸೆರ್ರಾ ದ ಎಸ್ತ್ರೇಲಾ ಬೆಟ್ಟದ ಮಗ್ಗುಲಲ್ಲಿದೆ, ಯೂನಿವರ್ಸಿಟಿ ಇದೆ, ಲಿಸ್ಬನ್ನಿನಿಂದ ರೈಲಿನಲ್ಲಿ ನಾಲ್ಕು ತಾಸು ಹಿಡಿಯುತ್ತದೆ. ನನ್ನ ಕೆಲಸಕ್ಕೆ ಬೇಕಾದದ್ದು ಫೈಬರ್ ನೆಟ್ ಮತ್ತು ಎರಡು ಮಾನಿಟರ್ ಹಿಡಿಯುವ ಮೇಜು, ಅಷ್ಟೇ. ಮಾಲೀಕ ಜಾಮೀನುದಾರ ಬೇಕೆಂದ. ಪರದೇಶದಲ್ಲಿ ನನಗೆ ಜಾಮೀನು ಯಾರು? ಆರು ತಿಂಗಳ ಬಾಡಿಗೆ ಮುಂಗಡ ಕೊಟ್ಟೆ, ಆಗ ಜಾಮೀನಿನ ಮಾತು ಮರೆತ.

ಈಗ ನಿಜವಾದ ಬುದ್ಧಿವಂತಿಕೆ ಎಲ್ಲಿ ತೋರಿಸಿದೆ ಹೇಳುತ್ತೇನೆ. ಸೈಟು ಮಾರಿದ್ದು ಊರಲ್ಲಿದ್ದಾಗ, ದುಡ್ಡು ಕಳಿಸಿದ್ದು ಊರು ಬಿಟ್ಟ ಮೇಲೆ.

ಭಾರತದ ನಿವಾಸಿಯಾಗಿದ್ದಾಗ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಕಳಿಸಬಹುದು. ಆದರೆ 2023ರ ಅಕ್ಟೋಬರಿನಿಂದ ಏಳು ಲಕ್ಷ ರೂಪಾಯಿ ಮೀರಿದ್ದಕ್ಕೆ ನೂರಕ್ಕೆ ಇಪ್ಪತ್ತು ಟಿಸಿಎಸ್ ಎಂಬ ಮುಂಗಡ ತೆರಿಗೆ ಹಿಡಿಯತೊಡಗಿದರು (ಈಗ ಆ ಮಿತಿ ಹತ್ತು ಲಕ್ಷ). ರಿಟರ್ನಿನಲ್ಲಿ ವಾಪಸ್ ಬರುತ್ತದೆ, ಸರಿ, ಆದರೆ ಅಲ್ಲಿಯವರೆಗೆ ಸೈಟಿನ ದುಡ್ಡಿನಲ್ಲಿ ಹದಿನಾರು ಲಕ್ಷ ಸರ್ಕಾರದ ಬಳಿ ಕೂತಿರುತ್ತದೆ. ಹೊರಟ ಮೇಲೆ ಸೈಟು ಮಾರೋಣ ಎಂದರೆ ಎನ್‌ಆರ್‌ಐ ಮಾರಾಟಕ್ಕೆ ಕೊಳ್ಳುವವನು ಹಿಡಿಯಬೇಕಾದ ಟಿಡಿಎಸ್ ಬೇರೆ ಲೆಕ್ಕದ್ದು, ದೊಡ್ಡದು, ಆಗ ಆತನಿಗೆ ಟ್ಯಾನ್ ಎಂಬ ತೆರಿಗೆ ನಂಬರ್ ಬೇರೆ ಬೇಕಿತ್ತು. ಅದನ್ನು ಕೇಳಿಯೇ ಕೆಂಗೇರಿಯ ಗಿರಾಕಿ ಓಡಿಹೋಗುತ್ತಿದ್ದ. ನಿವಾಸಿ ಮಾರಿದರೆ ಬರೀ ನೂರಕ್ಕೆ ಒಂದು.

ಹಾಗಾಗಿ 2023ರ ಸೆಪ್ಟೆಂಬರಿನಲ್ಲಿ ಸೈಟು ಕೊಟ್ಟೆ. 2009ರಲ್ಲಿ 14 ಲಕ್ಷಕ್ಕೆ ತೆಗೆದುಕೊಂಡದ್ದು, 1 ಕೋಟಿ 12 ಲಕ್ಷಕ್ಕೆ ಹೋಯಿತು. ಬೆಲೆ ಏರಿಕೆಯ ಇಂಡೆಕ್ಸೇಶನ್ ಕಳೆದು, ಸರ್ಚಾರ್ಜು, ಸೆಸ್ಸು ಸೇರಿ ತೆರಿಗೆ ಹದಿನೆಂಟು ಲಕ್ಷದ ಆಸುಪಾಸು. ಮಾರಿದ ದುಡ್ಡಲ್ಲಿ ಮನೆ ಕೊಂಡರೆ ಸಿಗುವ 54ಎಫ್ ತೆರಿಗೆ ವಿನಾಯ್ತಿ ಹೊರದೇಶದ ಮನೆಗೆ ಸಿಗುವುದಿಲ್ಲ, ಅದರ ಆಸೆ ಬಿಡಿ. ನವೆಂಬರಿನಲ್ಲಿ ಹೊರಟೆ, ಬ್ಯಾಂಕ್ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಯ ಖಾತೆ ಮಾಡಿಸಿದೆ. ಎನ್‌ಆರ್‌ಒದಿಂದ ವರ್ಷಕ್ಕೆ ಹತ್ತು ಲಕ್ಷ ಡಾಲರ್‌ವರೆಗೆ ಕಳಿಸಬಹುದು, ಆಗ 15ಸಿಎ, 15ಸಿಬಿ ಎಂಬ ತೆರಿಗೆ ಫಾರ್ಮ್ ಇದ್ದರೆ ಸಾಕಿತ್ತು, ಟಿಸಿಎಸ್ ಇಲ್ಲ. ಬ್ರಾಂಚಿನ ಮೇಡಂ ಮಾತ್ರ ಎಲ್‌ಆರ್‌ಎಸ್ ಫಾರ್ಮ್ ಬೇಕೇ ಬೇಕು ಎಂದು ಹಟ ಹಿಡಿದರು. ರಿಸರ್ವ್ ಬ್ಯಾಂಕಿನ ಸುತ್ತೋಲೆ ಪ್ರಿಂಟ್ ಹಾಕಿಸಿ ತಮ್ಮನ ಕೈಲಿ ಕಳಿಸಿದೆ. ಮೂರನೇ ಭೇಟಿಗೆ ಒಪ್ಪಿದರು.

ಒಂದು ಎಚ್ಚರಿಕೆ. ಆ ವರ್ಷ ನಾನು ಭಾರತದಲ್ಲಿ 182 ದಿನಕ್ಕಿಂತ ಹೆಚ್ಚು ಇದ್ದೆ, ಆದ್ದರಿಂದ ತೆರಿಗೆ ಲೆಕ್ಕಕ್ಕೆ ಇನ್ನೂ ನಿವಾಸಿಯೇ. ಪೋರ್ಚುಗಲ್ ಬ್ಯಾಂಕ್ ಖಾತೆಯನ್ನು ರಿಟರ್ನಿನ ಶೆಡ್ಯೂಲ್ ಎಫ್‌ಎ ಎಂಬ ಹೊರದೇಶದ ಆಸ್ತಿಯ ಪಟ್ಟಿಯಲ್ಲಿ ತೋರಿಸಲೇಬೇಕಿತ್ತು. ನನ್ನ ಸಿಎ ಮರೆತಿದ್ದ, ನಾನು ನೆನಪಿಸಿದೆ.

ಮನೆ ಹುಡುಕಾಟದಲ್ಲಿ ಮೊದಲು ಮರುಳಾದದ್ದು ಕಲ್ಲಿನ ಮನೆಗೆ. ಫುಂದಾಂವ್ ಹತ್ತಿರದ ಹಳ್ಳಿ, ಚೆರ‍್ರಿ ತೋಟಗಳ ನಡುವೆ, 38,000 ಯೂರೋ. ಏಪ್ರಿಲಿನಲ್ಲಿ ಹೋದೆ, ಇಡೀ ಗುಡ್ಡ ಬೆಳ್ಳಗೆ ಹೂಬಿಟ್ಟಿತ್ತು, ಬುದ್ಧಿ ಅಲ್ಲೇ ಕೈಕೊಟ್ಟಿತು. 3,800 ಸಿನಾಲ್ ಕೊಟ್ಟು ಕರಾರಿಗೆ ಸಹಿ ಹಾಕಿದೆ. ಸಿನಾಲ್ ಅಂದರೆ ನಮ್ಮ ಬಯಾನಾ. ಆಮೇಲೆ ಕಾಗದ ಬಿಚ್ಚಿದರೆ ತೆರಿಗೆ ಪುಸ್ತಕದಲ್ಲಿ 62 ಚದರ ಮೀಟರ್, ಅಳೆದರೆ 110. ಮನೆ ಸತ್ತುಹೋದ ಅಜ್ಜನ ಹೆಸರಲ್ಲಿ, ವಾರಸುದಾರರು ಆರು ಜನ, ಒಬ್ಬ ಫ್ರಾನ್ಸಿನಲ್ಲಿ ಫೋನೇ ಎತ್ತುವುದಿಲ್ಲ. ಪಹಣಿಯಲ್ಲಿ ಅಜ್ಜನ ಹೆಸರು ಬಿಟ್ಟುಕೊಂಡು ಮೂವತ್ತು ವರ್ಷ ಕೂತ ಊರಿನಿಂದ ಬಂದವನು ನಾನು, ನನಗಾದರೂ ಹೊಳೆಯಬೇಡವೇ! ಮಾರುವವರು ತಪ್ಪಿದರೆ ಸಿನಾಲ್ ಎರಡು ಪಟ್ಟು ವಾಪಸ್ ಕೊಡಬೇಕು ಎಂದು ಅಲ್ಲಿನ ಸಿವಿಲ್ ಕೋಡ್ ಹೇಳುತ್ತದೆ. ಕೋರ್ಟಿಗೆ ಹೋದರೆ ಎಷ್ಟು ವರ್ಷ ಎಂದು ವಕೀಲೆಯನ್ನು ಕೇಳಿದೆ, ಆಕೆ ನಕ್ಕಳು. ಕೊಟ್ಟದ್ದಷ್ಟೇ ವಾಪಸ್ ತೆಗೆದುಕೊಂಡು ಎದ್ದು ಬಂದೆ. ಸರ್ವೆ, ವಕೀಲಿ ಸೇರಿ 900 ಹೋಯಿತು. ನೀವು ಸಹಿಗೆ ಮೊದಲೇ ಎರಡು ಕಾಗದ ತೆಗೆಸಿ: ಕದರ್ನೇತಾ, ಅಂದರೆ ಆ ತೆರಿಗೆ ಪುಸ್ತಕದ ಪ್ರತಿ, ಮತ್ತು ನೋಂದಣಿ ಕಚೇರಿಯ ಪ್ರಮಾಣಪತ್ರ ಸರ್ತಿದಾಂವ್. ಎರಡರ ಅಳತೆಯೂ ಹೆಸರೂ ತಾಳೆಯಾಗಬೇಕು.

ಬ್ಯಾಂಕ್ ಸಾಲ ಸಿಗಲಿಲ್ಲ. ಸ್ವಂತ ಉದ್ಯೋಗದವರಿಗೆ ಅಲ್ಲಿನ ಎರಡು ವರ್ಷದ ತೆರಿಗೆ ರಿಟರ್ನ್ ತನ್ನಿ ಎಂದರು ಎರಡೂ ಕಡೆ. ಪೂರ್ತಿ ಕೈದುಡ್ಡಿನಲ್ಲೇ 2024ರ ಸೆಪ್ಟೆಂಬರಿನಲ್ಲಿ ಕೊವಿಲ್ಯಾದಲ್ಲಿ ಎರಡು ಮಲಗುವ ಕೋಣೆಯ ಫ್ಲ್ಯಾಟ್ ಕೊಂಡೆ, 96,000 ಯೂರೋ. ಮಾಲೀಕ 1,04,000 ಹೇಳಿದ್ದ. ಎಂಟು ಸಾವಿರ ಹೇಗೆ ಇಳಿಸಿದೆ ಎನ್ನುವುದೂ ನನ್ನ ಜೇಬಿನ ಗುಟ್ಟೇ. ಆದರೆ ಒಂದು ಹೇಳಬಹುದು. ಆ ವರ್ಷ ಸ್ವಂತ ವಾಸದ ಮನೆಗೆ 1,01,917 ಯೂರೋವರೆಗೆ ಐಎಂಟಿ ವರ್ಗಾವಣೆ ತೆರಿಗೆ ಸೊನ್ನೆ. ಮಾಲೀಕನ ಬೆಲೆಗೆ ಒಪ್ಪಿದ್ದರೆ ಆ ಗೆರೆ ದಾಟುತ್ತಿತ್ತು. ಮುದ್ರಾಂಕ ನೂರಕ್ಕೆ 0.8, ಅಂದರೆ 768. ವಕೀಲೆ, ನೋಂದಣಿಗೆ ಒಂದೂವರೆ ಎರಡು ಸಾವಿರ. ರೂಪಾಯಿಯಲ್ಲಿ ಎಲ್ಲ ಸೇರಿ ತೊಂಬತ್ತು ಲಕ್ಷದ ಆಸುಪಾಸು.

ಎಸ್ಕ್ರಿತುರಾ, ಅಂದರೆ ಕ್ರಯಪತ್ರದ ದಿನ ನೋಟರಿ ಗಟ್ಟಿಯಾಗಿ ಇಡೀ ಪತ್ರ ಓದಿದ, ನನಗೆ ಅರ್ಥವಾದದ್ದು ನನ್ನ ಹೆಸರು ಮಾತ್ರ, ಅದನ್ನೂ ತಪ್ಪಾಗಿಯೇ ಓದಿದ. ಮುಗಿದ ಮೇಲೆ ಹಳೇ ಮಾಲೀಕ ಮೇಜಿನ ಮೇಲೆ ಬೀಗದ ಕೈ ಗೊಂಚಲಿಟ್ಟು "ಶಾವ್" ಅಂದ. ಬರವಣಿಗೆಯಲ್ಲಿ ನೋಡಿದರೆ ಅದು ನಮ್ಮ ಚಾವಿಯೇ. ಐನೂರು ವರ್ಷದ ಹಿಂದೆ ಇವರು ನಮ್ಮ ಕರಾವಳಿಗೆ ಬಂದು ಬಿಟ್ಟುಹೋದ ಮಾತು. ಬಟಾಟೆ, ಪಗಾರ, ಎರಡೂ ಇವರದೇ. ಫೋನಿನಲ್ಲಿ ಅಪ್ಪಯ್ಯನಿಗೆ "ಚಾವಿ ಸಿಕ್ತು" ಎಂದರೆ "ಎಂತ, ಕಳೆದು ಹೋಗಿತ್ತನಾ?" ಎಂದ.

ತೆರಿಗೆಯ ಮಾತು ಚುಟುಕಾಗಿ. ನಾನು 2023 ಮುಗಿಯುವ ಮೊದಲೇ ಬಂದದ್ದರಿಂದ ಹೊರಗಿನಿಂದ ಬಂದವರಿಗೆ ತೆರಿಗೆ ರಿಯಾಯಿತಿ ಕೊಡುತ್ತಿದ್ದ ಹಳೇ ಎನ್‌ಎಚ್‌ಆರ್ ಯೋಜನೆಗೆ ಸೇರಿಕೊಂಡೆ, ಎಂಜಿನಿಯರಿಂಗ್ ಕೆಲಸಕ್ಕೆ ನೂರಕ್ಕೆ ಇಪ್ಪತ್ತು. ಹೊಸಬರಿಗೆ ಅದಿಲ್ಲ, ಅದರ ಲೆಕ್ಕ ಹಿಡಿದು ಹೊರಡಬೇಡಿ. ಸಾಮಾಜಿಕ ಭದ್ರತೆಯ ಕಂತು ಮೊದಲ ಹನ್ನೆರಡು ತಿಂಗಳು ಮಾಫಿ. ಆಮೇಲೆ ಆದಾಯದ ನೂರಕ್ಕೆ ಎಪ್ಪತ್ತು ಭಾಗದ ಮೇಲೆ ನೂರಕ್ಕೆ 21.4. ಮೊದಲ ಸಲ ತಿಂಗಳಿಗೆ 580 ಚಿಲ್ಲರೆ ಹೋದಾಗ ಎದೆ ಧಸಕ್ಕೆಂದಿತು. ಹೆಂಡತಿ, ಮಗಳು 2024ರಲ್ಲೇ ಕುಟುಂಬದ ಲೆಕ್ಕದಲ್ಲಿ ಬಂದರು. 2025ರ ಅಕ್ಟೋಬರಿನ ಹೊಸ ಕಾನೂನು ಅದನ್ನು ಬಿಗಿ ಮಾಡಿದೆ, ಹೊಸದಾಗಿ ಹೊರಡುವವರು ಸಂಸಾರದ ಲೆಕ್ಕ ಬೇರೆಯಾಗಿಯೇ ಹಾಕಿ.

ಚಳಿಯ ಬಗ್ಗೆ ಯಾರೂ ಹೇಳಿರಲಿಲ್ಲ. ಜನವರಿಯಲ್ಲಿ ಮನೆಯೊಳಗೆ 11 ಡಿಗ್ರಿ. ಕಪಾಟಿನ ಹಿಂಬದಿ ಹಸಿರು ಬೂಷ್ಟು, ಹೆಂಡತಿಯ ರೇಷ್ಮೆ ಸೀರೆಯ ಮಡಿಕೆಯವರೆಗೂ. ಮೊದಲು ಕರೆಂಟ್ ಹೀಟರ್ ಇಟ್ಟೆ, ತಿಂಗಳಿಗೆ 190 ಬಿಲ್ಲು. ಆಮೇಲೆ ಬರೀ ತೇವ ಎಳೆಯುವ ಯಂತ್ರ ಇಟ್ಟು ನೋಡಿದೆ: ದಿನಕ್ಕೆ ನಾಲ್ಕು ಲೀಟರ್ ನೀರು ತೆಗೆಯಿತು, ಬೂಷ್ಟು ನಿಂತಿತು, ಚಳಿ ನಿಲ್ಲಲಿಲ್ಲ. ಕಡೆಗೆ ಮರದ ಹೊಟ್ಟಿನ ಗುಳಿಗೆ ಉರಿಸುವ ಪೆಲೆಟ್ ಒಲೆ ಹಾಕಿಸಿದೆ, ಕೂರಿಸುವ ಕೂಲಿ ಸೇರಿ 1,700. ಅದರ ಪಕ್ಕದ ಸ್ಟೂಲಿನ ಮೇಲೆ ದೋಸೆ ಹಿಟ್ಟಿನ ಪಾತ್ರೆ ಇಟ್ಟರೆ ಒಂಬತ್ತು ತಾಸಿಗೆ ಹುಳಿ ಬರುತ್ತದೆ. ನೆಲದ ಮೇಲಿಟ್ಟರೆ ಎರಡು ದಿನವಾದರೂ ಹಂದಾಡುವುದಿಲ್ಲ. ಇಲ್ಲಿನ ಕರೊಲಿನೂ ಅಕ್ಕಿ ದೋಸೆಗೆ ಪರವಾಗಿಲ್ಲ, ಇಡ್ಲಿಗೆ ಅಂಟು. ಉದ್ದು ಮಾತ್ರ ಲಿಸ್ಬನ್ನಿನ ಮಾರ್ತಿಂ ಮೊನಿಜ್‌ನಿಂದಲೇ ಬರಬೇಕು.

ಮೊನ್ನೆ ಭಾವ ಫೋನ್ ಮಾಡಿದ್ದ. ಎಲೆಯ ಮುಂದೆ ತೀರ್ಪು ಕೊಟ್ಟವನೇ. ಅವನ ಮಗ ವಿಡಿಯೋ ಎಡಿಟಿಂಗ್ ಮಾಡಿಕೊಂಡಿದ್ದಾನಂತೆ, ಕಾಗದಗಳ ಪಟ್ಟಿ ಬೇಕಂತೆ. ಪಟ್ಟಿ ಕಳಿಸಿದ್ದೇನೆ, ಕವರಿಂಗ್ ಲೆಟರ್ ಕಳಿಸಿಲ್ಲ. ಈ ಚಳಿಗಾಲಕ್ಕೆ 15 ಕಿಲೋದ ಪೆಲೆಟ್ ಚೀಲ ತೊಂಬತ್ತು ತರಿಸಿ ಮೊಗಸಾಲೆಯಲ್ಲಿ ಪೇರಿಸಿದ್ದೇನೆ, ಮಗಳ ಸೈಕಲ್ಲಿಗೆ ಜಾಗ ಉಳಿದಿಲ್ಲ.