ಹಳೆಯ ಗೋಡೆಗೆ ಮತ್ತೆ ಸುಣ್ಣದ ಗಾರೆ: ನನ್ನ ಅನುಭವ

ನಾನು ದುರಸ್ತಿಗೆ ಕೈಹಾಕಿದ ಹಳೆಯ ಇಟ್ಟಿಗೆ ಮನೆಯ ಗೋಡೆಗಳಿಗೆ ಹಿಂದೆ ಯಾರೋ ಸಿಮೆಂಟ್ ಗಿಲಾವು ಮಾಡಿಸಿದ್ದರು. ನೋಡಲು ಗಟ್ಟಿಯಾಗಿಯೇ ಇದ್ದ ಆ ಗಿಲಾವನ್ನು ತಟ್ಟಿದರೆ ಅಲ್ಲಲ್ಲಿ ಟೊಳ್ಳು ಸದ್ದು ಬರುತ್ತಿತ್ತು. ಕೆತ್ತಿ ತೆಗೆದಾಗ ಒಳಗಿನ ಇಟ್ಟಿಗೆಗಳು ತೇವದಿಂದ ತಣ್ಣಗಿದ್ದವು, ಕೆಲವು ಕೈತಾಗಿದರೆ ಪುಡಿಯಾಗಿ ಉದುರುತ್ತಿದ್ದವು. ನೆಲದಿಂದ ಏರಿದ ತೇವಕ್ಕೆ ಹೊರಹೋಗಲು ದಾರಿ ಸಿಗದೆ, ಅದು ಹೊತ್ತು ತಂದ ಲವಣಗಳು ಗಿಲಾವಿನ ಹಿಂದೆಯೇ ಹರಳುಗಟ್ಟಿ ಇಟ್ಟಿಗೆಯ ಮೈಯನ್ನು ಒಡೆದಿದ್ದವು. ಆ ಗೋಡೆಯನ್ನು ಮೊದಲು ಕಟ್ಟಿದವರು ಸಂದುಗಳಿಗೆ ಸುಣ್ಣದ ಗಾರೆಯನ್ನೇ ಬಳಸಿದ್ದರಿಂದ, ಅದೇ ವಸ್ತುವಿಗೆ ಮರಳುವುದು ಸರಿಯೆಂದು ತೀರ್ಮಾನಿಸಿದೆ.

ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ, 100 ಕಿಲೋ ಶುದ್ಧ ಕಲ್ಲಿನಿಂದ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ಈ ಸುಟ್ಟ ಸುಣ್ಣವನ್ನು ನಾನೇ ಅರಳಿಸಿದೆ. ಲೋಹದ ಪೀಪಾಯಿಯಲ್ಲಿ ಮೊದಲು ನೀರು ತುಂಬಿಸಿಕೊಂಡು ಅದಕ್ಕೆ ಸುಣ್ಣದ ಹೆಂಟೆಗಳನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು, ಸುಣ್ಣದ ರಾಶಿಯ ಮೇಲೆ ನೀರು ಸುರಿಯಬಾರದು. ಹೆಂಟೆಗಳು ಮೊದಲು ಸುಮ್ಮನೆ ಮುಳುಗಿ, ಕೆಲ ಕ್ಷಣಗಳಲ್ಲೇ ಸೀಳು ಬಿಟ್ಟು ಉಬ್ಬಿ, ನೀರನ್ನು ಕೊತಕೊತ ಕುದಿಸುತ್ತವೆ. ಆ ಹೊತ್ತಿನಲ್ಲಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗುವ ಅಪಾಯವಿದೆ. ಕಣ್ಣು ಮುಚ್ಚುವ ಕನ್ನಡಕ ಮತ್ತು ಉದ್ದನೆಯ ಕೈಗವಸುಗಳಿಲ್ಲದೆ ಈ ಕೆಲಸಕ್ಕೆ ಯಾರೂ ಇಳಿಯಕೂಡದು. ಅರಳಿದ ಸುಣ್ಣವನ್ನು ಜರಡಿ ಹಿಡಿದು, ಮೇಲೆ ನೀರು ನಿಲ್ಲುವಂತೆ ಮುಚ್ಚಿಟ್ಟೆ. ನೀರಿನಡಿಯಲ್ಲಿ ಗಾಳಿ ತಾಗದೆ ಇದ್ದಷ್ಟು ಕಾಲ ಅದು ಕೆಡುವುದಿಲ್ಲ. ದಿನ ಕಳೆದಂತೆ ಇನ್ನಷ್ಟು ನುಣುಪಾಗುತ್ತದೆ.

ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಎಂಬ ಅಳತೆಯನ್ನು ಎಲ್ಲರೂ ಹೇಳುತ್ತಾರೆ. ಅದರ ಕಾರಣ ತಿಳಿಯಲು ಒಣ ಮರಳನ್ನು ಪಾತ್ರೆಯ ಅಂಚಿನವರೆಗೆ ತುಂಬಿ, ಅದು ಹಿಡಿಯುವಷ್ಟು ನೀರನ್ನು ಅಳೆದು ಸುರಿದೆ. ಪಾತ್ರೆಯ ಹೆಚ್ಚುಕಡಿಮೆ ಮೂರನೆಯ ಒಂದು ಭಾಗದಷ್ಟು ನೀರು ಇಳಿಯಿತು. ಕಾಳುಗಳ ನಡುವಿನ ಆ ಖಾಲಿ ಜಾಗವನ್ನು ತುಂಬುವುದೇ ಸುಣ್ಣದ ಕೆಲಸ. ಮರಳಿನ ಕಾಳುಗಳು ಒಂದೇ ಗಾತ್ರದವಾಗಿರದೆ ದಪ್ಪ, ಸಣ್ಣ ಎಲ್ಲವೂ ಸೇರಿದ್ದರೆ ಗಾರೆ ಬಿರುಕು ಬಿಡುವುದು ಕಡಿಮೆ. ಕಲಸುವಾಗ ಗಾರೆ ಬಿರುಸೆನಿಸಿದರೂ ನೀರು ಸೇರಿಸಲಿಲ್ಲ; ಬಡಿದು ತುಳಿದಷ್ಟೂ ಅದು ತಾನಾಗಿಯೇ ಮೆತ್ತಗಾಗಿ, ಕರಣೆಯನ್ನು ಬೋರಲು ಹಿಡಿದರೂ ಬೀಳದ ಹದಕ್ಕೆ ಬರುತ್ತದೆ.

ಸದಾ ತೇವವಿರುವ ಬುಡದ ಭಾಗಕ್ಕೆ ಮಾತ್ರ ನುಣ್ಣನೆಯ ಇಟ್ಟಿಗೆ ಪುಡಿಯನ್ನು ಬೆರೆಸಿದೆ. ಹದವಾಗಿ ಸುಟ್ಟ ಜೇಡಿಯಲ್ಲಿರುವ ಸಿಲಿಕ ಮತ್ತು ಅಲ್ಯೂಮಿನ ಸುಣ್ಣದೊಡನೆ ಸೇರಿ, ಗಾಳಿ ತಾಗದ ಕಡೆಯೂ ಗಾರೆ ಗಟ್ಟಿಯಾಗುವಂತೆ ಮಾಡುತ್ತವೆ. ರೋಮನ್ನರು ಇದೇ ಗುಣಕ್ಕಾಗಿ ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿಯನ್ನು ಬೆರೆಸುತ್ತಿದ್ದರು. ರೋಮ್ ನಗರದ ಪ್ರಾಚೀನ ದೇಗುಲವಾದ ಪ್ಯಾಂಥಿಯನ್‌ನ ಸುಮಾರು 43 ಮೀಟರ್ ಅಗಲದ ಗುಮ್ಮಟ ಅಂಥ ಕಾಂಕ್ರೀಟಿನಿಂದಲೇ ಎದ್ದದ್ದು. ಇಂದು ನಾವು ಸಾಮಾನ್ಯವಾಗಿ ಬಳಸುವ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದು 1824ರಲ್ಲಷ್ಟೇ.

ಗಿಲಾವನ್ನು ತೆಳುವಾದ ಪದರಗಳಲ್ಲಿ ಹಚ್ಚಿ, ಪ್ರತಿಯೊಂದು ಪದರವನ್ನೂ ಒದ್ದೆ ಗೋಣಿಯಿಂದ ಮರೆಮಾಡಿ ನಿಧಾನವಾಗಿ ಆರಲು ಬಿಟ್ಟೆ. ಸುಣ್ಣ ಗಟ್ಟಿಯಾಗುವುದು ಬರೀ ನೀರಾರುವುದರಿಂದಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುವುದರಿಂದ. ಈ ಕ್ರಿಯೆಗೆ ತುಸು ತೇವ ಬೇಕೇ ಬೇಕು. ಕೆಲವು ವಾರಗಳಾದ ಮೇಲೆ ಒಂದು ತುಂಡನ್ನು ಮುರಿದು ಅದರ ಮೇಲೆ ಕಲ್ಲಾಗದ ಸುಣ್ಣ ತಾಗಿದರೆ ಗುಲಾಬಿ ಬಣ್ಣಕ್ಕೆ ತಿರುಗುವ ಫಿನಾಲ್ಫ್ತಲೀನ್ ದ್ರಾವಣದ ಹನಿ ಬಿಟ್ಟಾಗ, ಹೊರಗಿನ ಅಂಚು ಬಣ್ಣವಿಲ್ಲದೆ ಉಳಿದು ಒಳಭಾಗವೆಲ್ಲ ಗಾಢ ಗುಲಾಬಿಯಾಯಿತು. ಗುಲಾಬಿಯಾದಷ್ಟು ಭಾಗ ಇನ್ನೂ ಕಲ್ಲಾಗಿರಲಿಲ್ಲ. ಅವಸರದ ಕೆಲಸಕ್ಕೆ ಸುಣ್ಣ ಒಗ್ಗುವುದಿಲ್ಲ ಎಂಬ ದೂರು ನಿಜವೇ.

ಸುಣ್ಣ ಪರಿಸರಕ್ಕೆ ಒಳ್ಳೆಯದೆಂಬ ಮಾತನ್ನು ಎಚ್ಚರಿಕೆಯಿಂದ ಆಡಬೇಕು. ಕಲ್ಲಿನಿಂದ ಹೊರಟ ಅನಿಲದ ಬಹುಪಾಲನ್ನು ಅದು ಕಾಲಕ್ರಮೇಣ ಮರಳಿ ಹೀರುತ್ತದೆಯೇ ಹೊರತು, ಗೂಡಿನಲ್ಲಿ ಉರಿದ ಇಂಧನದ ಹೊಗೆಯನ್ನಲ್ಲ. ನನಗೆ ಅದಕ್ಕಿಂತ ಮುಖ್ಯವೆನಿಸಿದ್ದು ಅದರ ಮೃದುತ್ವ. ಗೋಡೆ ಅಲ್ಪಸ್ವಲ್ಪ ಕದಲಿದಾಗ ಇಟ್ಟಿಗೆ ಸೀಳುವುದಿಲ್ಲ, ಸಂದಿನ ಗಾರೆ ಬಾಗಿಕೊಡುತ್ತದೆ; ಕೂದಲೆಳೆಯ ಬಿರುಕುಗಳಲ್ಲಿ ಮಳೆನೀರಿಗೆ ಕರಗಿದ ಸುಣ್ಣ ಮತ್ತೆ ಹರಳಾಗಿ ಅವನ್ನು ಮುಚ್ಚುವುದೂ ಉಂಟು. ಗೋಡೆಯನ್ನು ಬಿಚ್ಚಬೇಕಾಗಿ ಬಂದರೆ ಇಟ್ಟಿಗೆಗಳು ಇಡಿಯಾಗಿಯೇ ಕೈಗೆ ಸಿಗುತ್ತವೆ.

ಗಿಲಾವಿನ ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿದರೆ ಇಷ್ಟೆಲ್ಲ ಮಾಡಿದ್ದೂ ದಂಡ, ಏಕೆಂದರೆ ತೇವದ ದಾರಿ ಮತ್ತೆ ಮುಚ್ಚಿಹೋಗುತ್ತದೆ. ನಾನು ಸುಣ್ಣದ ತಿಳಿಯನ್ನೇ ಹಲವು ಸಲ ತೆಳ್ಳಗೆ ಬಳಿದೆ. ಅದಕ್ಕೂ ಮೊದಲು, ಗೋಡೆಯ ಬುಡಕ್ಕೆ ಏರಿ ಕುಳಿತಿದ್ದ ಮಣ್ಣನ್ನು ಅಗೆದು ತಗ್ಗಿಸಿ ಮಳೆನೀರು ದೂರ ಹರಿಯುವಂತೆ ಇಳಿಜಾರು ಮಾಡಿಸಿದ್ದೆ; ಒಳಬಂದ ತೇವವನ್ನು ಸುಣ್ಣ ಹೊರಬಿಡಬಲ್ಲದು, ನೀರು ನುಗ್ಗುವುದನ್ನು ತಡೆಯಲಾರದು.