ಬಿಸಿಲೂರಿನಲ್ಲಿ ಜೇಡ್ ಗಿಡದ ಕುಂಡ ಬದಲಿಸಿದ್ದು

ನಮ್ಮ ಮಾಳಿಗೆಯ ಮೇಲಿನ ಜೇಡ್ ಗಿಡ ಹೋದ ವರ್ಷ ಎರಡು ಸಲ ಉರುಳಿ ಬಿತ್ತು. ಇದು ಸಕ್ಯುಲೆಂಟ್, ಅಂದರೆ ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಜಾತಿಯ ಗಿಡ. ಗಾಳಿ ಅಷ್ಟೇನೂ ಜೋರಿರಲಿಲ್ಲ. ಗಿಡದ ತಲೆ ಭಾರ ಆಗಿತ್ತು, ಕುಂಡ ಸಣ್ಣದಾಗಿತ್ತು. ಎತ್ತಿ ಅಡಿ ನೋಡಿದೆ. ತೂತಿನಿಂದ ಬೇರು ಹೊರಗೆ ಬಂದು ತಳಕ್ಕೆ ಸುತ್ತಿಕೊಂಡಿತ್ತು. ನೀರು ಹಾಕಿದರೆ ಮಣ್ಣು ಹೀರುತ್ತಿರಲಿಲ್ಲ, ಅಂಚಿನಿಂದ ಸರ್ರನೆ ಇಳಿದು ಹೋಗುತ್ತಿತ್ತು. ಕುಂಡ ಬದಲಿಸಬೇಕು ಅನ್ನೋದಕ್ಕೆ ಇದಕ್ಕಿಂತ ಬೇರೆ ಗುರುತು ಬೇಡ.

ಆದರೆ ಆಗ ಏಪ್ರಿಲ್. ಕಲಬುರಗಿಯ ಏಪ್ರಿಲ್! ನಾನು ಕೈ ಹಚ್ಚಲಿಲ್ಲ.

ಕಾರಣ ಇದೆ. ಮೂರು ವರ್ಷದ ಹಿಂದೆ ‘ಸಕ್ಯುಲೆಂಟ್ ಗಿಡದ ಕುಂಡವನ್ನು ವಸಂತದಲ್ಲಿ ಬದಲಿಸಿ’ ಅಂತ ಓದಿ, ಯುಗಾದಿ ಮುಗಿದ ಮೇಲೆ ಎಚೆವೇರಿಯಾ ಅನ್ನೋ ಇನ್ನೊಂದು ಸಕ್ಯುಲೆಂಟ್ ಗಿಡ ಕಿತ್ತು ಬೇರೆ ಕುಂಡಕ್ಕೆ ಹಾಕಿದ್ದೆ. ಆ ಮಾತು ಚಳಿ ದೇಶದವರಿಗೆ ಸರಿ. ಅಲ್ಲಿ ಹಿಮ ಕರಗಿದ ಮೇಲೆ ಗಿಡ ಚಿಗುರುತ್ತದೆ. ನಮ್ಮಲ್ಲಿ ಆ ಹೊತ್ತಿಗೆ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಗಿಡ ಬೆಳೆಯೋದನ್ನು ನಿಲ್ಲಿಸಿ ಜೀವ ಹಿಡಿದುಕೊಂಡು ಕೂತಿರುತ್ತದೆ. ಆಗ ಬೇರು ಹರಿದರೆ ಹೊಸದು ಬರೋದಿಲ್ಲ. ಎಲೆ ಸುಕ್ಕಾಗುತ್ತದೆ. ನಾವು ಪಾಪ ಅಂತ ಇನ್ನಷ್ಟು ನೀರು ಹಾಕುತ್ತೇವೆ. ಕಾದ ಮಣ್ಣಿನಲ್ಲಿ ನಿಂತ ನೀರಿಗೆ ಗಾಯದ ಬೇರು ಕೊಳೆಯುತ್ತದೆ. ಹತ್ತೇ ದಿನದಲ್ಲಿ ನನ್ನ ಎಚೆವೇರಿಯಾದ ಕೆಳಗಿನ ಎಲೆಗಳು ಹಳದಿಯಾಗಿ, ಮುಟ್ಟಿದರೆ ಕೊಳೆತ ದ್ರಾಕ್ಷಿ ಹಾಗೆ ಒಡೆದವು. ಅದನ್ನು ಉಳಿಸಿಕೊಳ್ಳೋಕೆ ಆಗಲಿಲ್ಲ. ಈಗಲೂ ನೆನೆದರೆ ಸಂಕಟ ಆಗುತ್ತದೆ.

ಹಾಗಾಗಿ ಜೇಡ್ ಗಿಡವನ್ನು ಕುಂಡದ ಸಮೇತ ಒಂದು ದೊಡ್ಡ ಖಾಲಿ ಕುಂಡದೊಳಗೆ ಇಟ್ಟೆ. ಸುತ್ತ ಕಲ್ಲು ತುಂಬಿ, ಉರುಳದ ಹಾಗೆ ಮಾಡಿ, ದಸರೆವರೆಗೆ ಕಾದೆ. ನಮ್ಮ ಕಡೆ ಮಳೆ ಹಿಂದೆ ಸರಿದು, ಬಿಸಿಲು ಹದವಾಗಿ, ಚಳಿ ಇನ್ನೂ ಬೀಳದ ಆ ಒಂದು ತಿಂಗಳು ಇದಕ್ಕೆ ಬಹಳ ಒಳ್ಳೆಯದು. ಅದು ತಪ್ಪಿದರೆ ಜನವರಿ ಕೊನೆಯಿಂದ ಶಿವರಾತ್ರಿ ಒಳಗೆ ಮಾಡಿ. ಶರಣಬಸವೇಶ್ವರ ತೇರಿನ ಹೊತ್ತಿಗೆ ಬಿಸಿಲು ಏರಿಬಿಡುತ್ತದೆ. ಬುಡ ಮೆತ್ತಗಾಗಿದ್ದರೆ ಮಾತ್ರ ತಿಂಗಳು ನೋಡಬೇಡಿ, ಅವತ್ತೇ ಕಿತ್ತು ಕೊಳೆತದ್ದನ್ನು ಕತ್ತರಿಸಿ.

ಮಣ್ಣಿನ ಮಾತಿಗೆ ಬರುತ್ತೇನೆ. ನಮ್ಮ ಎರೆ ಮಣ್ಣು ತೊಗರಿಗೆ ಬಂಗಾರ. ಆದರೆ ಕುಂಡದಲ್ಲಿ ಸಕ್ಯುಲೆಂಟ್‌ಗೆ ಆಗಿಬರೋದಿಲ್ಲ. ಹಸಿ ಇದ್ದಾಗ ಉಬ್ಬಿ ಬೇರಿಗೆ ಗಾಳಿ ಬಿಡೋದಿಲ್ಲ, ಒಣಗಿದಾಗ ಬಿರಿದು ಸಣ್ಣ ಬೇರನ್ನು ಹರಿಯುತ್ತದೆ. ಬೀದರ್ ಕಡೆಯ ಕೆಂಪು ಮಣ್ಣನ್ನು ಅಕ್ಕ ಒಂದು ಚೀಲ ತಂದುಕೊಟ್ಟಿದ್ದಳು. ಅದು ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು, ದಪ್ಪ ಉಸುಕು ಮತ್ತು ಇಟ್ಟಂಗಿ ಚೂರು ಸೇರಿ ಎರಡು ಪಾಲು. ಇಟ್ಟಂಗಿ ಕುಟ್ಟಿ, ಜರಡಿ ಹಿಡಿದು, ಪುಡಿ ಚೆಲ್ಲಿ, ತೊಗರಿ ಕಾಳಿನಿಂದ ಕಡಲೆ ಕಾಳಿನಷ್ಟು ಇರೋದನ್ನು ಇಟ್ಟುಕೊಂಡೆ. ಪಕ್ಕದ ಮನೆ ಆಯಿ ನೋಡುತ್ತ ನಿಂತಿದ್ದರು. “ಯವ್ವಾ, ಗಿಡ ಹಚ್ಚಾಕತ್ತೀಯೋ, ಮನಿ ಕಟ್ಟಾಕತ್ತೀಯೋ?” ಅಂದರು. “ಇದರ ಬೇರಿಗೆ ಗಾಳಿ ಬೇಕ್ರಿ ಆಯಿ” ಅಂದೆ.

ಹದ ನೋಡೋದು ಸುಲಭ. ಮಿಶ್ರಣಕ್ಕೆ ಸ್ವಲ್ಪ ನೀರು ಚಿಮುಕಿಸಿ ಮುಷ್ಟಿಯಲ್ಲಿ ಒತ್ತಿ ಹಿಡಿಯಿರಿ. ಮುಷ್ಟಿ ಬಿಚ್ಚಿದರೆ ಉದುರಬೇಕು. ಉಂಡಿ ಹಾಗೇ ನಿಂತರೆ ಇನ್ನೂ ಉಸುಕು ಬೇಕು ಅಂತ ಅರ್ಥ.

ಹಳೆ ಕುಂಡ 6 ಇಂಚಿನದು, ಹೊಸದು 8 ಇಂಚಿನ ಮಣ್ಣಿನ ಕುಂಡ. ಇದಕ್ಕಿಂತ ದೊಡ್ಡದು ಬೇಡ. ಬೇರು ಮುಟ್ಟದ ಮಣ್ಣು ಸುಮ್ನೆ ಹಸಿಯಾಗಿಯೇ ಕೂತಿರುತ್ತದೆ. ಮೊದಲೆಲ್ಲ ನಾನೂ ತಳಕ್ಕೆ ಕಡಿ ಕಲ್ಲು ಹಾಸುತ್ತಿದ್ದೆ. ಈಗ ಬಿಟ್ಟಿದ್ದೇನೆ. ಮೇಲಿನ ಮಣ್ಣು ಪೂರ್ತಿ ನೆನೆಯುವ ತನಕ ನೀರು ಕಲ್ಲಿಗೆ ಇಳಿಯೋದೇ ಇಲ್ಲ. ಹಸಿ ಜಾಗ ಇನ್ನೂ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ ಅಷ್ಟೇ. ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು.

ಹತ್ತು ದಿನ ನೀರು ನಿಲ್ಲಿಸಿ, ಒಂದು ರವಿವಾರ ಬೆಳಿಗ್ಗೆ ಕುಂಡವನ್ನು ಗೋಣಿಚೀಲದ ಮೇಲೆ ಮಲಗಿಸಿದೆ. ತೂತಿನಿಂದ ಬಂದ ಬೇರು ಕತ್ತರಿಸಿ, ಅಂಚಿನ ಸುತ್ತ ಹಳೆ ಚಾಕು ಆಡಿಸಿ, ಬುಡ ಹಿಡಿದು ಕುಂಡವನ್ನು ತಟ್ಟುತ್ತ ಹೋದೆ. ಕಾಂಡ ಹಿಡಿದು ಜಗ್ಗಲಿಲ್ಲ. ಕುಂಡದ ಆಕಾರದಲ್ಲೇ ಬೇರಿನ ಗಟ್ಟಿ ಹೊರಬಂತು. ಬೆರಳಿನಿಂದ ಮಣ್ಣು ಬಿಡಿಸುತ್ತ ಹೋದರೆ ನಟ್ಟನಡುವೆ ಏನೋ ಗಟ್ಟಿ ಸಿಕ್ಕಿತು. ನೋಡಿದರೆ ಹೆಬ್ಬೆರಳು ಗಾತ್ರದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಉಂಡಿ, ಅದರ ಸುತ್ತ ಬಿಳಿ ಬಲೆ! ಆರು ವರ್ಷದ ಹಿಂದೆ ನರ್ಸರಿಯಿಂದ ತಂದಾಗಿನದು. ಬಲೆಯ ಒಂದೊಂದು ಕಣ್ಣಿನಲ್ಲೂ ಒಂದೊಂದು ಬೇರು ತೂರಿ, ಆ ಜಾಗದಲ್ಲಿ ದಾರ ಬಿಗಿದ ಹಾಗೆ ಸಣ್ಣದಾಗಿತ್ತು. ಉಗುರು ಕತ್ತರಿಸುವ ಸಣ್ಣ ಕತ್ತರಿಯಿಂದ ಒಂದೊಂದೇ ಎಳೆ ತುಂಡು ಮಾಡಿ ಬಿಡಿಸೋಕೆ ಒಂದು ತಾಸು ಹಿಡಿಯಿತು. ನೀವು ಹೊಸ ಗಿಡ ತಂದರೆ ಎರಡು ವಾರ ಬಿಟ್ಟು, ಬೇಸಿಗೆ ಅಲ್ಲದಿದ್ದರೆ, ಈ ಬಲೆ ಇದೆಯಾ ಅಂತ ನೋಡಿಬಿಡಿ.

ಬಿಳಿ, ತಿಳಿ ಕಂದು ಬೇರು ಉಳಿಸಿದೆ. ಕಪ್ಪಾಗಿ ಮೆತ್ತಗಿದ್ದ ಎರಡು ಬೇರನ್ನು ಕತ್ತರಿಸಿದೆ. ಹತ್ತಿಯಂಥ ಬಿಳಿ ಹುಳ ಇರಲಿಲ್ಲ, ಸಮಾಧಾನ ಆಯಿತು. ಆಮೇಲೆ ಗಿಡವನ್ನು ಪಡಸಾಲೆಯಲ್ಲಿ ಪೇಪರ್ ಮೇಲೆ ಬರಿ ಬೇರಲ್ಲೇ ಎರಡು ದಿನ ಬಿಟ್ಟೆ, ಗಾಯ ಒಣಗಲಿ ಅಂತ. ಅವ್ವನಿಗೆ ತಡೆಯಲಿಲ್ಲ. “ನೀರಿಲ್ದ ಹೆಂಗ ಬದುಕ್ತದ ಅದು?” ಅಂತ ಮತ್ತೆ ಮತ್ತೆ ಕೇಳಿದಳು. ಒಂದು ಎಲೆ ಮುರಿದು ಒಳಗಿನ ರಸ ತೋರಿಸಿದೆ.

ನೆಡುವಾಗ ಮೊದಲಿದ್ದಷ್ಟೇ ಆಳ. ಒಣ ಮಿಶ್ರಣ ಸುತ್ತ ಸುರಿದು, ಊದಿನಕಡ್ಡಿಯಿಂದ ಬೇರಿನ ಸಂದಿಗೆ ಇಳಿಸಿದೆ, ಹೆಬ್ಬೆರಳಿಂದ ಒತ್ತಲಿಲ್ಲ. ಎರಡು ಕೋಲು ಆಸರೆ ಕೊಟ್ಟೆ. ಒಂದು ವಾರ ಹನಿ ನೀರು ಹಾಕಲಿಲ್ಲ. ಎಂಟನೇ ದಿನ ತಳದಿಂದ ಸುರಿಯುವಷ್ಟು ಹಾಕಿದೆ. ಆಮೇಲೆ ಕಡ್ಡಿ ಚುಚ್ಚಿ ನೋಡಿ, ಒಣಗಿ ಬಂದರೆ ಮಾತ್ರ ನೀರು. ಎರಡು ವಾರ ನೆರಳಲ್ಲಿ, ಆಮೇಲೆ ಬೆಳಗಿನ ಬಿಸಿಲಿಗೆ. ಮಾಳಿಗೆಗೆ ಹಾಸಿದ ಶಹಾಬಾದ್ ಕಲ್ಲಿನ ಮೇಲೆ ಕುಂಡ ಇಡಬೇಡಿ. ಬೇಸಿಗೆಯಲ್ಲಿ ಆ ಕಲ್ಲು ಹಂಚಿನ ಹಾಗೆ ಕಾಯುತ್ತದೆ, ತಳದ ಬೇರು ಬೇಯುತ್ತದೆ. ಎರಡು ಇಟ್ಟಂಗಿ ಮೇಲೆ ಎತ್ತಿಡಿ.

ಮೂರನೇ ವಾರ ಎಲೆಯ ಸುಕ್ಕು ಬಿಚ್ಚಿತು. ತುದಿಯಲ್ಲಿ ಅಕ್ಕಿ ಕಾಳಿನಷ್ಟು ಜೋಡಿ ಎಲೆ ಕಂಡಿತು. ಅವತ್ತು ಅವ್ವನನ್ನು ಕೈ ಹಿಡಿದು ಮೇಲೆ ಕರೆದುಕೊಂಡು ಹೋಗಿ ತೋರಿಸಿದೆ.

ಬಿದ್ದಾಗ ಮುರಿದ ಮೂರು ರೆಂಬೆಗಳನ್ನು ಏಪ್ರಿಲ್‌ನಲ್ಲೇ ಒಣಗಿಸಿ ಒಳಗೆ ನೆರಳಲ್ಲಿ ನೆಟ್ಟಿದ್ದೆ. ಎರಡು ಹೋದವು. ಒಂದು ಬೇರು ಬಿಟ್ಟು ಹಿಡಿಯಿತು. ಎಳ್ಳಮಾವಾಸ್ಯೆ ಮುಂಚೆ ಅದನ್ನು ಅದೇ ಇಟ್ಟಂಗಿ ಮಿಶ್ರಣದಲ್ಲಿ ಸಣ್ಣ ಕುಂಡಕ್ಕೆ ಹಾಕಿ ಪಕ್ಕದ ಮನೆ ಆಯಿಗೆ ಕೊಟ್ಟೆ. ಬರುವ ರವಿವಾರದ ತನಕ ನೀರು ಹಾಕಬೇಡ್ರಿ ಅಂತ ಹೇಳಿ ಬಂದೆ.