ಹಳೆಯ ಟರ್ಬೊ ಎಂಜಿನ್: ಬಲ ಹೆಚ್ಚಿಸುವ ಮುನ್ನ ಸೋರಿಕೆ ಹುಡುಕಿ

ಟರ್ಬೊ (ಎಂಜಿನ್ನಿನ ಹೊಗೆಯ ಬಲದಿಂದ ತಿರುಗಿ ಒಳಗೆ ಗಾಳಿ ಒತ್ತುವ ಪಂಪು) ಇರುವ ಹಳೆಯ ಪೆಟ್ರೋಲ್ ಕಾರು ಕೊಂಡವರಲ್ಲಿ ಬಹಳ ಮಂದಿ ಮೊದಲ ವಾರವೇ ಆ ಗಾಳಿಯ ಒತ್ತಡ, ಅಂದರೆ ಬೂಸ್ಟ್, ಏರಿಸುವ ಬೂಸ್ಟ್ ಕಂಟ್ರೋಲರ್ ತಂದು ಅದರ ತಿರುಪು ಬಿಗಿ ಮಾಡುತ್ತಾರೆ. ಎರಡನೆಯ ತಿಂಗಳಲ್ಲಿ ಎಂಜಿನ್ ಬಿಚ್ಚಿ ಹರವಿಕೊಂಡು ಕೂತಿರುತ್ತಾರೆ. ನಾನೂ ಹೀಗೆಯೇ ಒಂದು ಪಿಸ್ಟನ್ ಕಳೆದುಕೊಂಡವನು. ಹಾಗಾಗಿ ಇಲ್ಲಿ ತಿರುಪಿನ ಸರದಿ ಬರುವುದು ಕಟ್ಟಕಡೆಗೆ. ವರ್ಷಗಟ್ಟಲೆ ಓಡಿದ ಎಂಜಿನ್ ತನ್ನ ಮೂಲ ಬಲದಲ್ಲೇ ಒಂದಿಷ್ಟನ್ನು ಸೋರಿಸಿಕೊಂಡಿರುತ್ತದೆ. ಮೊದಲು ಅದನ್ನು ವಾಪಸ್ ಪಡೆಯಿರಿ.

ಆರೋಗ್ಯ ತಪಾಸಣೆ ಒಂದು ಮಧ್ಯಾಹ್ನದ ಕೆಲಸ. ಎಂಜಿನ್ ಬಿಸಿಯಿರುವಾಗ, ಥ್ರಾಟಲ್ (ಗಾಳಿ ಒಳಹೋಗುವ ಬಾಗಿಲು) ಪೂರ್ತಿ ತೆರೆದು ಪ್ರತಿ ಸಿಲಿಂಡರ್ ಒಳಗೆ ಹುಟ್ಟುವ ಒತ್ತಡ, ಅಂದರೆ ಕಂಪ್ರೆಷನ್ ಅಳೆಯಿರಿ. ಸಿಲಿಂಡರ್‌ಗಳ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಬಲ ಹೆಚ್ಚಿಸುವ ಮಾತು ಬಿಡಿ, ಆ ಹಣವನ್ನು ರಿಪೇರಿಗೆ ಇಡಿ. ಟರ್ಬೊದ ಶಾಫ್ಟ್ ಅನ್ನು ಬೆರಳಿನಿಂದ ಅಲುಗಿಸಿ ನೋಡಿ: ಪಕ್ಕಕ್ಕೆ ತುಸು ಆಡಿದರೆ ಚಿಂತೆಯಿಲ್ಲ, ಹಿಂದೆ ಮುಂದೆ ಆಡುವುದು ಕೈಗೆ ತಿಳಿಯಬಾರದು. ಆಯಿಲ್, ಆಯಿಲ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್ ಎಲ್ಲವನ್ನೂ ಹೊಸದಾಗಿ ಹಾಕಿ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಶಾಫ್ಟ್ ನಿಂತಿರುವುದು ಆಯಿಲ್‌ನ ತೆಳು ಪದರದ ಮೇಲೆ. ಅದರಲ್ಲಿ ಜಿಪುಣತನ ಬೇಡ.

ಇನ್ನು ಎಲ್ಲರೂ ಹಾರಿಸಿಬಿಡುವ ಕೆಲಸ, ಸೋರಿಕೆ ಪರೀಕ್ಷೆ. ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಥ್ರಾಟಲ್‌ಗೆ ಹೋಗುವ ಪೈಪುಗಳಲ್ಲಿ ಎಲ್ಲಾದರೂ ಸಣ್ಣ ಸೀಳಿದ್ದರೆ ಒತ್ತಿದ ಗಾಳಿ ಹೊರಗೆ ಹೋಗುತ್ತದೆ. ಆ ಕೊರತೆ ತುಂಬಲು ಟರ್ಬೊ ಇನ್ನಷ್ಟು ವೇಗವಾಗಿ ತಿರುಗುತ್ತದೆ, ಗಾಳಿ ಇನ್ನಷ್ಟು ಕಾಯುತ್ತದೆ. ಒಳಬರುವ ಗಾಳಿಯನ್ನು ಅಳೆಯುವ ಮೀಟರ್ ಇರುವ ಕಾರುಗಳಲ್ಲಿ ಮತ್ತೊಂದು ಪೀಡೆ: ಅಳೆದ ಗಾಳಿ ದಾರಿಯಲ್ಲೇ ಸೋರಿಹೋಗುವುದರಿಂದ ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ ಬರುತ್ತದೆ. ಆಗ ಜನ ಇಂಜೆಕ್ಟರ್ ಬದಲಿಸುತ್ತಾರೆ, ತಪ್ಪು ಹೋಸ್ ಪೈಪಿನದು.

ಎಂಜಿನ್ ಆರಿಸಿ, ತಣ್ಣಗಾಗಲು ಬಿಡಿ. ಟರ್ಬೊದ ಬಾಯಿಗೆ ಬರುವ ಪೈಪನ್ನು ಏರ್‌ ಮೀಟರಿನ ಟರ್ಬೊ ಕಡೆಯ ತುದಿಯಲ್ಲಿ ಕಳಚಿ, ಅದರ ಬಾಯಿಗೆ ಟೈರ್ ವಾಲ್ವ್ ಕೂರಿಸಿದ ಮುಚ್ಚಳ ಹಾಕಿ ಕ್ಲಾಂಪ್‌ನಿಂದ ಬಿಗಿಯಿರಿ. ಇಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ: ಕ್ರ್ಯಾಂಕ್‌ಕೇಸ್‌ನ (ಎಂಜಿನ್ನಿನ ಕೆಳಹೊಟ್ಟೆಯ) ಆವಿ ಹೊರಬಿಡುವ ಬ್ರೀದರ್ ಹೋಸ್ ಇದೇ ಪೈಪಿಗೆ ಬಂದು ಸೇರುವುದನ್ನು ಮರೆಯುವುದು. ಅದನ್ನು ಕಳಚಿ ಎರಡೂ ತುದಿ ಮುಚ್ಚದಿದ್ದರೆ ಒತ್ತಡ ಎಂಜಿನ್ನಿನ ಹೊಟ್ಟೆಗೆ ನುಗ್ಗಿ ಆಯಿಲ್ ಸೀಲ್‌ಗಳನ್ನು ಹಾಳು ಮಾಡುತ್ತದೆ. ಜೊತೆಗೆ ಆಯಿಲ್ ಹಾಕುವ ಬಾಯಿಯ ಮುಚ್ಚಳವನ್ನೂ ತೆಗೆದಿಡಿ, ಪಿಸ್ಟನ್ ರಿಂಗ್ ದಾಟಿ ಬಂದ ಗಾಳಿಗೆ ದಾರಿ ಬೇಕು.

ಮುಚ್ಚಳದ ವಾಲ್ವ್ ಮೂಲಕ ಗಾಳಿ ತುಂಬುವ ಕಂಪ್ರೆಸರ್‌ಗೆ ಒತ್ತಡ ಅಂಕೆಯಲ್ಲಿಡುವ ರೆಗ್ಯುಲೇಟರ್ ಇರಲೇಬೇಕು. 0.3 ಬಾರ್‌ನಿಂದ ಶುರು ಮಾಡಿ, ನೀವು ಓಡಿಸಲಿರುವ ಬೂಸ್ಟ್‌ನಷ್ಟಕ್ಕೆ ನಿಧಾನವಾಗಿ ಏರಿಸಿ. ಕನ್ನಡಕ ಹಾಕಿಕೊಳ್ಳಿ, ಮುಚ್ಚಳದ ಎದುರು ನಿಲ್ಲಬೇಡಿ. ಕಿತ್ತು ಹಾರಿದರೆ ಅದು ಕಲ್ಲಿನಂತೆ ಬಡಿಯುತ್ತದೆ. ಈಗ ಟ್ಯೂಬ್ ಪಂಕ್ಚರ್ ಹುಡುಕುವ ಹಾಗೆ ಸೋಪಿನ ನೀರು ಸಿಂಪಡಿಸುತ್ತಾ ಹೋಗಿ. ಕೈಗೆ ಎಟುಕುವ ಮೇಲ್ಭಾಗವನ್ನಷ್ಟೇ ನೋಡಿ ಏಳಬೇಡಿ. ಆಯಿಲ್ ಇಳಿದು ರಬ್ಬರ್ ಮೆತ್ತಗಾಗುವುದು ಹೋಸ್‌ನ ಅಡಿಭಾಗದಲ್ಲಿ, ಇಂಟರ್‌ಕೂಲರ್‌ನ ಕೆಳ ಅಂಚಿನಲ್ಲಿ. ಥ್ರಾಟಲ್ ಶಾಫ್ಟಿನ ಸೀಲ್, ಇಂಜೆಕ್ಟರ್‌ಗಳ ರಬ್ಬರ್ ರಿಂಗ್, ಥ್ರಾಟಲ್ ಮುಚ್ಚಿದಾಗ ಒತ್ತಿದ ಗಾಳಿ ಬಿಡುವ ಬೈಪಾಸ್ ವಾಲ್ವ್, ಬ್ರೇಕ್ ಬೂಸ್ಟರ್ ಹೋಸ್ ಯಾವುದನ್ನೂ ಬಿಡಬೇಡಿ. ಸೈಲೆನ್ಸರ್‌ನಿಂದ ಗಾಳಿ ಬರುತ್ತಿದ್ದರೆ ಹೆದರಬೇಕಿಲ್ಲ, ಯಾವುದೋ ಸಿಲಿಂಡರ್‌ನ ಎರಡೂ ವಾಲ್ವ್ ತೆರೆದಿರಬಹುದು. ಒತ್ತಡ ಪೂರ್ತಿ ಇಳಿಸಿ, ಕ್ರ್ಯಾಂಕ್ ಅನ್ನು ಪಾನೆಯಿಂದ ಸ್ವಲ್ಪ ತಿರುಗಿಸಿ ಮತ್ತೆ ನೋಡಿ.

ಸೀಳಿದ ಹೋಸ್‌ಗೆ ಟೇಪ್ ಸುತ್ತುವವರಿಗೆ ನಾನು ಏನೂ ಹೇಳುವುದಿಲ್ಲ. ಹೊಸದನ್ನು ಹಾಕುವಾಗ ಪೈಪಿನ ತುದಿಯ ಆಯಿಲ್ ಒರೆಸಿ, ಇಲ್ಲವಾದರೆ ಬೂಸ್ಟ್ ಬಂದೊಡನೆ ಜಾರಿ ಕಳಚುತ್ತದೆ. ಬಣ್ಣಬಣ್ಣದ ಅಗ್ಗದ ಸಿಲಿಕೋನ್ ಹೋಸ್ ನೋಡಲು ಚೆಂದ. ಆದರೆ ಸಾಮಾನ್ಯ ಸಿಲಿಕೋನ್ ಆಯಿಲ್ ತಾಳುವುದಿಲ್ಲ, ಒಳಗೆ ಫ್ಲೋರೋಸಿಲಿಕೋನ್ ಪದರ ಇರುವುದನ್ನೇ ಕೊಳ್ಳಿ.

ಮುಂದಿನದು ಮೀಟರ್‌ಗಳು. ಬೂಸ್ಟ್ ಮೀಟರ್ ಒಂದು, ವೈಡ್‌ಬ್ಯಾಂಡ್ ಆಮ್ಲಜನಕ ಸೆನ್ಸರ್ (ಹೊಗೆಯಿಂದ ಗಾಳಿ-ಪೆಟ್ರೋಲ್ ಅನುಪಾತ ತಿಳಿಸುವುದು) ಒಂದು. ಎರಡಕ್ಕೂ ಹಣವಿಲ್ಲದಿದ್ದರೆ ಬಲ ಹೆಚ್ಚಿಸುವುದನ್ನು ಮುಂದೂಡಿ. ಪೆಟ್ರೋಲ್ ಪೂರ್ತಿ ಉರಿಯಲು ಒಂದು ಗ್ರಾಂಗೆ ಸುಮಾರು 14.7 ಗ್ರಾಂ ಗಾಳಿ ಸಾಕು. ಪೂರ್ತಿ ಬೂಸ್ಟ್‌ನಲ್ಲಿ ಮಾತ್ರ ನನಗೆ 11.5ರಿಂದ 12 ಬೇಕು. ಹೆಚ್ಚುವರಿ ಪೆಟ್ರೋಲ್ ಒಳಗಿನ ಬಿಸಿಯನ್ನು ತಗ್ಗಿಸುತ್ತದೆ. ಹಳೆಯ ಕಾರಿನ ಮೂಲ ಸೆನ್ಸರ್ ಈ ಅಂಕಿಗಳನ್ನು ನಂಬುವಂತೆ ತೋರಿಸಲಾರದು.

ಬಿಸಿ ಏಕೆ ಇಷ್ಟು ಮುಖ್ಯ? ಒತ್ತಿದ ಬಿಸಿ ಗಾಳಿಯಲ್ಲಿ ಪೆಟ್ರೋಲ್ ಪ್ಲಗ್‌ನ ಕಿಡಿಯ ಅಂಕೆ ಮೀರಿ ತಾನಾಗಿ ಹೊತ್ತಿಕೊಳ್ಳುತ್ತದೆ. ಅದೇ ನಾಕಿಂಗ್, ಪಿಸ್ಟನ್ ಒಡೆಯುವ ಸುತ್ತಿಗೆ. 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿನ ತಯಾರಕರು ಇದನ್ನು ತಡೆಯಲು ನೀರು-ಮೆಥನಾಲ್ ಮಿಶ್ರಣ ಚಿಮುಕಿಸುವ ಏರ್ಪಾಟು ಮಾಡಿದ್ದರು. ಮಾಲೀಕರು ಅದರ ಟ್ಯಾಂಕ್ ತುಂಬಲು ಮರೆಯುತ್ತಿದ್ದರು. ನೀವು ಒಳ್ಳೆಯ ಇಂಟರ್‌ಕೂಲರ್ ಮತ್ತು ಹೆಚ್ಚು ಆಕ್ಟೇನ್ ಇರುವ ಪೆಟ್ರೋಲ್‌ಗೆ ಖರ್ಚು ಮಾಡಿ. ಪ್ಲಗ್ ಒಂದು ಹಂತ ತಣ್ಣನೆಯದಿರಲಿ (ಬಿಸಿಯನ್ನು ಬೇಗ ಬಿಟ್ಟುಕೊಡುವಂಥದ್ದು), ಗ್ಯಾಪ್ 0.7 ಮಿಲಿಮೀಟರ್ ಸಾಕು. ಸೆನ್ಸರ್ ಹೆಸರಿನಲ್ಲಿ ಎಂಜಿನ್ನಿನ ಕಂಪ್ಯೂಟರ್‌ಗೆ ಸುಳ್ಳು ಹೇಳಿ ಬಲ ಕೊಡುವ ಪುಟ್ಟ ರೆಸಿಸ್ಟರ್‌ಗಳು, ಬೂಸ್ಟ್ ಮಿತಿ ಮೀರಿದಾಗ ಪೆಟ್ರೋಲ್ ನಿಲ್ಲಿಸುವ ರಕ್ಷಣೆಯನ್ನು ಮರೆಮಾಚುವ ಪೆಟ್ಟಿಗೆಗಳು ಕಸದ ಬುಟ್ಟಿಗೆ ಹೋಗಲಿ. ಯಾರದೋ ಎಂಜಿನ್‌ಗೆ ಬರೆದ ಸಿದ್ಧ ಚಿಪ್‌ಗಿಂತ, ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಬಲ ಅಳೆಯುವ ಯಂತ್ರ) ಮೇಲೆ ನಿಮ್ಮ ಕಾರಿಗೇ ಮ್ಯಾಪ್ (ಪೆಟ್ರೋಲ್ ಮತ್ತು ಕಿಡಿಯ ಲೆಕ್ಕದ ಪಟ್ಟಿ) ಬರೆಸುವುದು ಮೇಲು.

ಈಗ ಬೂಸ್ಟ್ ಕಂಟ್ರೋಲರ್‌ನ ತಿರುಪು. ಟರ್ಬೊಗೆ ಹೋಗುವ ಹೊಗೆಯಲ್ಲಿ ಹೆಚ್ಚಾದುದನ್ನು ಬೇರೆ ದಾರಿಗೆ ಬಿಡುವ ವೇಸ್ಟ್‌ಗೇಟ್ ಸ್ಪ್ರಿಂಗ್ ಕೊಡುವ ಕನಿಷ್ಠ ಬೂಸ್ಟ್‌ನಿಂದ ಶುರು ಮಾಡಿ, ಒಮ್ಮೆಗೆ 0.1 ಬಾರ್ ಮಾತ್ರ ಏರಿಸಿ. ಪ್ರತಿ ಸಲವೂ ಡೈನೊ ಮೇಲೆ ಅಥವಾ ಮುಚ್ಚಿದ ಟ್ರ್ಯಾಕ್‌ನಲ್ಲಿ ಪೂರ್ತಿ ಥ್ರಾಟಲ್ ಕೊಡಿ, ಪಕ್ಕದಲ್ಲಿ ಕೂತವರು ಮೀಟರ್ ನೋಡಲಿ. ಗಾಳಿ-ಪೆಟ್ರೋಲ್ ಅನುಪಾತ 12 ದಾಟಿದರೆ, ಬೂಸ್ಟ್ ನಿಗದಿತ ಮಟ್ಟ ಮೀರಿ ಏರುತ್ತಾ ಹೋದರೆ, ಅಥವಾ ಡಬ್ಬಿಯಲ್ಲಿ ಗೋಲಿ ಅಲುಗಿದಂತೆ ಸದ್ದು ಬಂದರೆ ತಕ್ಷಣ ಕಾಲು ತೆಗೆಯಿರಿ. ಇಂಜೆಕ್ಟರ್‌ಗಳು ತಮ್ಮ ಸಾಮರ್ಥ್ಯದ ಶೇ 85 ಮುಟ್ಟಿದರೆ ಅಲ್ಲಿಗೆ ನಿಲ್ಲಿಸಿ.

ಪ್ರತಿ ಹಂತದ ನಂತರ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಎಂಜಿನ್ ಆರಿಸಿ. ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ, ಬಿಳಿ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡಿ. ಅದರ ಮೇಲೆ ಬೆಳ್ಳಿ ಬಣ್ಣದ ಸಣ್ಣ ಚುಕ್ಕೆಗಳು ಕಂಡರೆ ಅವು ಪಿಸ್ಟನ್ನಿನ ಅಲ್ಯೂಮಿನಿಯಂ. ನಾನು ಅದನ್ನು ಧೂಳು ಎಂದು ಒರೆಸಿ ಹಾಕಿದ್ದೆ.